ಕಡಪಾ ಕಲ್ಲಿನ ಮೇಲೆ ತಂಬ್ಳಿ

ಶಿರಸಿ ಕಡೆ ಈಗ ಯಾರಾದರೂ ಊಟಕ್ಕೆ ಕರೆದರೆ ಸ್ವಲ್ಪ ಏನಾದರೂ ತಿಂದುಕೊಂಡೇ ಹೋಗುವುದು ಒಳ್ಳೆಯದು. ಅಡುಗೆ ಮಾಡಿರುವುದಿಲ್ಲ ಅಂತಲ್ಲ. ಮಾಡಿದ್ದು ‘ಗೋರ್ಮೆ’ ಆಗಿರುತ್ತದೆ, ಅಂದರೆ ದೊಡ್ಡ ಹೋಟೆಲಿನ ಶೋಕಿ ಅಡುಗೆ. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಮಕ್ಕಳು ಅಮ್ಮನನ್ನು ಒಲೆ ಮುಂದಿನಿಂದ ಎಬ್ಬಿಸಿ, ರೀಲ್ಸ್ ನೋಡಿ ಕಲಿತ ವಿದ್ಯೆಯನ್ನೆಲ್ಲ ಒಂದೆಲಗದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ತಂಬ್ಳಿ ಪಾಡನ್ನೇ ನೋಡಿ. ಸೊಪ್ಪು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ಬೀಸಿ, ಮಜ್ಜಿಗೆಗೆ ಕದಡಿದರೆ ಮುಗೀತು. ಕುದಿಸುವ ರಗಳೆಯೂ ಇಲ್ಲ. ಇಷ್ಟು ಸುಲಭಕ್ಕೆ ಆಗುವುದಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು? ಅದಕ್ಕೇ ಈಗ ಆನ್‌ಲೈನಲ್ಲಿ ತರಿಸಿದ ಸೋಯಾ ಲೆಸಿಥಿನ್ ಪುಡಿ ಹಾಕಿ, ಹ್ಯಾಂಡ್ ಬ್ಲೆಂಡರಿನಲ್ಲಿ ಗುರ್ರ್ ಅನ್ನಿಸಿ, ಮೇಲೆ ಬಂದ ನೊರೆಯನ್ನಷ್ಟೇ ಚಮಚದಲ್ಲಿ ತೆಗೆದು ಬಡಿಸುತ್ತಾರೆ. ಅಡಿಯಲ್ಲಿ ಉಳಿದ ತಂಬ್ಳಿ ಎಲ್ಲಿ ಹೋಯಿತು ಅಂತ ಕೇಳಬಾರದು. (ಅಮ್ಮ ಒಳಗೆ ಅನ್ನಕ್ಕೆ ಸುರಿದುಕೊಂಡು ಉಂಡಿರುತ್ತಾರೆ. ಆವತ್ತು ಆ ಮನೆಯಲ್ಲಿ ಹೊಟ್ಟೆ ತುಂಬಿದ್ದು ಅವರೊಬ್ಬರದ್ದೇ.)

ನೊರೆ ಬೇಡ ಅಂದವರಿಗೆ ಕಲ್ಲು. ಬಟ್ಟಲು ಹಳೇ ಫ್ಯಾಷನ್ ಆಯಿತಲ್ಲ, ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕಿದ ಕಡಪಾ ಕಲ್ಲಿನ ತುಂಡೇ ಈಗ ತಟ್ಟೆ. ಪರಿಚಯದವರ ಮನೆಯಲ್ಲಿ ನೋಡಿದ್ದು: ಕಲ್ಲಿನ ನಡುವೆ ಲಿಂಬೆಹಣ್ಣಿನ ಗಾತ್ರದ ಅನ್ನ, ಅದರ ನೆತ್ತಿಗೊಂದು ಶಂಖಪುಷ್ಪ, ಪಕ್ಕದಲ್ಲಿ ಎರಡು ಸೌಟು ತಂಬ್ಳಿ. ಕಲ್ಲಿಗೆ ಅಂಚಿಲ್ಲ, ತಂಬ್ಳಿಗೆ ತಾಳ್ಮೆಯಿಲ್ಲ. ಫೋಟೋಕ್ಕೆ ಬೆಳಕು ಸರಿ ಮಾಡುವಷ್ಟರಲ್ಲಿ ಅದು ಶಂಖಪುಷ್ಪವನ್ನೂ ಕರೆದುಕೊಂಡು ಮೇಜಿನ ತುದಿಗೆ ಬಂದು, ಅಲ್ಲಿಂದ ಹಿರಿಯರೊಬ್ಬರ ಪಂಚೆಗೆ ಇಳಿಯಿತು. ಅವರು ಪಂಚೆ ಕೊಡವಿಕೊಂಡು, “ತಮಾ, ನೋಡಿ ಆತು. ಊಟಕ್ಕೆ ಯಾವಾಗ ಬಡಸ್ತೆ?” ಅಂದರು.

“ದೊಡ್ಡಪ್ಪಾ, ಇದೇಯ ಊಟ.”

ಘಟ್ಟ ಇಳಿದರೆ ಬಚಾವಾಗಬಹುದು ಅಂದುಕೊಳ್ಳಬೇಡಿ. ಕುಮಟಾದಲ್ಲಿ ಗಂಜಿ ಹೋಗಿ ರಿಸೊಟ್ಟೊ ಬಂದಿದೆ. ಅಘನಾಶಿನಿ ದಂಡೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಕೂಗಳತೆಯಲ್ಲೇ ಇದೆ. ಆದರೆ ಇಟಲಿಯ ಅರ್ಬೋರಿಯೋ ಅಕ್ಕಿಯೇ ಆಗಬೇಕಂತೆ. ಅದಕ್ಕೆ ಸೌಟು ಸೌಟೇ ಬಿಸಿನೀರು ಹಾಕುತ್ತ, 18-20 ನಿಮಿಷ ಒಲೆ ಬಿಟ್ಟು ಕದಲದೆ ಕೈಯಾಡಿಸಬೇಕು. ಆಗ ಅದು ಹೆಚ್ಚುಕಮ್ಮಿ ಗಂಜಿಯ ಹದಕ್ಕೆ ಬರುತ್ತದೆ. ನಮ್ಮ ಗಂಜಿ ಸುಮ್ನೆ ಒಲೆ ಮೇಲೆ ಇಟ್ಟು ಹೋದರೂ ಗಂಜಿಯಾಗುತ್ತದೆ, ಅಲ್ವಾ? ಅದೇ ಅದು ಮಾಡಿದ ತಪ್ಪು.

ಇನ್ನು ಆ ಗಂಜಿಗೆ ಉಪ್ಪು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪುನೀರು ಕಟ್ಟಿ, ಬಿಸಿಲಿಗೆ ಬಿಟ್ಟು ಹರಳುಪ್ಪು ತೆಗೆಯುತ್ತಾರೆ. ಮಿಡಿ ಉಪ್ಪಿನಕಾಯಿಗೆ ಅದೇ ಬೇಕು ಅಂತ ಹಟ ಹಿಡಿಯುವ ಅಜ್ಜಿಯರಿದ್ದಾರೆ. ಮೊಮ್ಮಕ್ಕಳಿಗೆ ಮಾತ್ರ ಹಿಮಾಲಯನ್ ಪಿಂಕ್ ಸಾಲ್ಟೇ ಆಗಬೇಕು. ಪ್ಯಾಕೆಟ್ಟಿನ ಮೇಲೆ ಹಿಮದ ಬೆಟ್ಟದ ಚಿತ್ರ ಬೇರೆ. ಆ ಗುಲಾಬಿ ಉಪ್ಪಿಗೆ ಹೆಸರಾದ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಬೆಳಗಾದರೆ ವಾಟ್ಸಾಪಿನಲ್ಲಿ ದೇಶಭಕ್ತಿ ಹಂಚುವ ಚಿಕ್ಕಪ್ಪಂದಿರಿಗೆ ಇದನ್ನು ಹೇಳಬೇಡಿ. ಉಪ್ಪು ತಿನ್ನದೆಯೇ ಬಿಪಿ ಏರುತ್ತದೆ.

ಕಾರವಾರದ ಒಂದು ಮನೆಯಲ್ಲಿ ಜುಮ್ಮನಕಾಯಿ ಹಾಕಿದ ಬಂಗಡೆ ಸಾರಿಗೆ ಮೇಲಿನಿಂದ ಟ್ರಫಲ್ ಅನ್ನುವ ಅಣಬೆಯ ಹೆಸರಿನ ಎಣ್ಣೆ ಬಿಟ್ಟರಂತೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರಫಲ್ ಎಣ್ಣೆಯ ಘಮ ಬರುವುದು ಆ ಅಣಬೆಯಿಂದಲ್ಲ, ಅದರ ವಾಸನೆ ಕೊಡುವ ರಾಸಾಯನಿಕದಿಂದ. ಮೀನಿನ ವಾಸನೆ ಹೋಯಿತು ಅಂತ ಮಾಡಿದವರಿಗೆ ಖುಷಿ. ಬೆಕ್ಕು ಬಾಗಿಲ ತನಕ ಬಂದು ವಾಪಸ್ ಹೋಯಿತು.

ಕಲ್ಲಂಗಡಿ ಸಿಪ್ಪೆಯಲ್ಲಿ ದೋಸೆ ಹೊಯ್ದು, ದಾಳಿಂಬೆ ಸಿಪ್ಪೆಯಲ್ಲಿ ತಂಬ್ಳಿ ಮಾಡಿದ ಅಜ್ಜಿಯನ್ನು ಇಡೀ ಊರೇ ಜಿಪುಣಿ ಅಂದಿತ್ತು. ಅದೇ ದೋಸೆಗೆ ಮೊಮ್ಮಗಳು ‘ಝೀರೋ ವೇಸ್ಟ್’ ಅಂತ ಚೀಟಿ ಅಂಟಿಸಿದ ಮೇಲೆ ಅದೇ ಊರು ಲೈಕ್ ಒತ್ತುತ್ತಿದೆ. ಅಜ್ಜಿಗೆ ಫೋನಿಲ್ಲ, ಪುಣ್ಯ.

ಇದ್ದುದರಲ್ಲಿ ಬುದ್ಧಿವಂತಿಕೆ ಕಂಡದ್ದು ಅಪ್ಪೆಹುಳಿಯಲ್ಲಿ, ಅಂದರೆ ಮಾವಿನಕಾಯಿಯ ನೀರು ಸಾರಿನಲ್ಲಿ. ಊಟದ ಕೊನೆಗೆ ಲೋಟಗಟ್ಟಲೆ ಕುಡಿದು, ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಬಿದ್ದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅದೀಗ ಸ್ಟಾರ್ಟರ್. ಅಂಚಿಗೆ ಉಪ್ಪು ಖಾರ ಮೆತ್ತಿದ ಗೇಣುದ್ದದ ಗ್ಲಾಸಿನಲ್ಲಿ ಮೊದಲೇ ಬರುತ್ತದೆ. ಹಾಗಾಗಿ ಊಟ ಬರುವಷ್ಟರಲ್ಲಿ ಅರ್ಧ ನೆಂಟರು ಕೂತಲ್ಲೇ ತೂಕಡಿಸುತ್ತಿರುತ್ತಾರೆ. ಇನ್ನೊಂಚೂರು ಅನ್ನ ಬಡಿಸಿ ಅಂತ ಕೇಳುವುದಕ್ಕೆ ಎಚ್ಚರ ಇರುವವರು ಯಾರು?