ಇಪ್ಪತ್ತೊಂದನೇ ಗಂಟೆಗೆ ಅಮ್ಮ ಹುಷಾರಾಗುತ್ತಾಳೆ

ಇಂಗ್ಲೆಂಡಿನಲ್ಲಿ ಒಂದು ಪವಾಡ ನಡೆಯುತ್ತಿದೆ. ಡಾಕ್ಟರುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಕಂಡುಹಿಡಿದದ್ದು ಅಲ್ಲಿನ ಕೆಲಸ ಮತ್ತು ಪಿಂಚಣಿ ಇಲಾಖೆ.

ಪವಾಡ ಏನಪ್ಪಾ ಅಂದರೆ, ಒಂದು ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ. ಹಾಸಿಗೆಯಿಂದ ಎತ್ತಿ ಕೂರಿಸಬೇಕು, ಸ್ನಾನ ಮಾಡಿಸಬೇಕು, ಹೊತ್ತು ಹೊತ್ತಿಗೆ ಮಾತ್ರೆ ಕೊಡಬೇಕು, ರಾತ್ರಿ ಎರಡು ಸಲ ಎದ್ದು ಮಗ್ಗಲು ಬದಲಿಸಬೇಕು. ಇದನ್ನೆಲ್ಲ ಮಾಡುವವಳು ಹತ್ತೊಂಬತ್ತು ವರ್ಷದ ಮಗಳು. ಅವಳು ಕಾಲೇಜಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಐವತ್ತೊಂಬತ್ತು ನಿಮಿಷ ಕಲಿತರೆ ಸರ್ಕಾರದ ಲೆಕ್ಕದಲ್ಲಿ, ಮನೆಯವರನ್ನು ನೋಡಿಕೊಳ್ಳುವವರಿಗೆ ಕೊಡುವ ಭತ್ಯೆಗೆ ಅರ್ಹಳು. ಇನ್ನೊಂದು ನಿಮಿಷ ಜಾಸ್ತಿ ಕೂತಳು ಅನ್ನಿ, ಇಪ್ಪತ್ತೊಂದು ಗಂಟೆ ಆಯಿತು, ಮುಗಿಯಿತು. ಅಷ್ಟು ಹೊತ್ತಿಗೆ ಅಮ್ಮ ದಿಢೀರನೆ ಎದ್ದು, ತಾನೇ ಮಾತ್ರೆ ನುಂಗಿ, ದಡದಡ ಮೆಟ್ಟಿಲಿಳಿದು ಬಂದು, "ನೀನು ಓದ್ಕೋ ಪುಟ್ಟಿ, ನನ್ನ ಚಿಂತೆ ಬಿಡು" ಅಂದಿರಬೇಕು. ಭತ್ಯೆ ನಿಲ್ಲಿಸುವುದಕ್ಕೆ ಬೇರೆ ಯಾವ ಕಾರಣವೂ ನನಗಂತೂ ಹೊಳೆಯುತ್ತಿಲ್ಲ.

ಈ ಹುಡುಗಿ ನನ್ನ ಕಲ್ಪನೆ. ನಿಯಮ ಮಾತ್ರ ಕಲ್ಪನೆ ಅಲ್ಲ.

ಆ ಭತ್ಯೆಯ ಹೆಸರು ಕೇರರ್ಸ್ ಅಲೋವೆನ್ಸ್. ಅದು ಸಿಗಬೇಕಾದರೆ ಹದಿನಾರು ತುಂಬಿರಬೇಕು. ವಾರಕ್ಕೆ ಕನಿಷ್ಠ 35 ಗಂಟೆ ಒಬ್ಬರನ್ನು ನೋಡಿಕೊಂಡಿರಬೇಕು, ಆ ಒಬ್ಬರಿಗೆ ಇಂತಿಂಥ ಅಂಗವೈಕಲ್ಯ ಭತ್ಯೆ ಬರುತ್ತಿರಬೇಕು, ಮತ್ತು ನೀವು ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಓದುತ್ತಿರಬಾರದು. ಇಷ್ಟೆಲ್ಲ ಗೆದ್ದು ಬಂದರೆ 2025-26ರ ದರದಲ್ಲಿ ವಾರಕ್ಕೆ 83 ಪೌಂಡ್ 30 ಪೆನ್ಸ್. 35ರಿಂದ ಭಾಗಿಸಿ ನೋಡಿ, ಗಂಟೆಗೆ 2 ಪೌಂಡ್ 38 ಪೆನ್ಸ್ ಬರುತ್ತದೆ. ಅದೇ ವರ್ಷ ಅಲ್ಲಿ ಇಪ್ಪತ್ತೊಂದು ವಯಸ್ಸು ತುಂಬಿದವರ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ಅಯ್ಯೋ, ಕೂಲಿಗೆ ಹೋಲಿಸಬೇಡಿ, ಇದು ಪ್ರೀತಿ ಅಂತಾರೆ. ಸರಿ, ಪ್ರೀತಿಯೇ. ಆದರೆ ಪ್ರೀತಿಗೆ ಯಾಕೆ ವಾರಕ್ಕೆ 35 ಗಂಟೆಯ ಅಟೆಂಡೆನ್ಸ್?

ಓದಿನ ಗಂಟೆ ಎಣಿಸುವ ಕ್ರಮವಂತೂ ಒಂದು ದೊಡ್ಡ ಶಾಸ್ತ್ರ. ಈ ಭತ್ಯೆಯ 1976ರ ನಿಯಮಾವಳಿಯಲ್ಲಿ ಇದನ್ನು ಕೂತು ಯೋಚಿಸಿ ಬರೆದಿದ್ದಾರೆ. ಪಾಠ ಕೇಳಿದ್ದು ಲೆಕ್ಕಕ್ಕೆ ಬರುತ್ತದೆ, ಪರೀಕ್ಷೆ ಬರೆದದ್ದು ಬರುತ್ತದೆ, ಪ್ರಾಕ್ಟಿಕಲ್ ಬರುತ್ತದೆ. ಊಟದ ಬಿಡುವು ಬರುವುದಿಲ್ಲ. ಯಾರ ಮೇಲ್ವಿಚಾರಣೆಯೂ ಇಲ್ಲದೆ ಸುಮ್ನೆ ನಿಮ್ಮ ಪಾಡಿಗೆ ಓದಿಕೊಂಡದ್ದೂ ಬರುವುದಿಲ್ಲ. ಅಂದರೆ ಅಮ್ಮ ಮಲಗಿದ ಮೇಲೆ ರಾತ್ರಿ ಹನ್ನೆರಡರಿಂದ ಮೂರರ ತನಕ ಕಣ್ಣು ಉಜ್ಜಿಕೊಂಡು, ಕಾಲೇಜಿನವರು ಹೇಳದ ಪುಸ್ತಕವನ್ನು ತಾನಾಗಿ ಹಿಡಿದರೆ ಅದು ಓದೇ ಅಲ್ಲ, ಸರ್ಕಾರಕ್ಕೆ ಅದರ ಬಗ್ಗೆ ತಕರಾರೂ ಇಲ್ಲ. ಹಗಲು ಹೊತ್ತು ಮೇಷ್ಟರ ಎದುರು ಕೂತರೆ ಅಪರಾಧ. ಕದ್ದು ಓದಿ, ಆದರೆ ಕಲಿಸುವವರ ಹತ್ತಿರ ಹೋಗಬೇಡಿ.

ಇನ್ನು ರಜೆಯ ಕಥೆ ಕೇಳಿ, ಇದು ನನಗೆ ತುಂಬ ಇಷ್ಟ. ಒಮ್ಮೆ ಫುಲ್‌ಟೈಮ್ ಕೋರ್ಸ್ ಸೇರಿದರೆ ಬೇಸಿಗೆ ರಜೆಯಲ್ಲೂ ನೀವು ಕಾಲೇಜಿನಲ್ಲೇ ಇದ್ದೀರಿ ಅಂತ ಲೆಕ್ಕ. ಕಾಲೇಜಿನ ಗೇಟಿಗೆ ಬೀಗ. ಮೇಷ್ಟರು ಸಮುದ್ರ ತೀರದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದಾರೆ. ಹುಡುಗಿ ಇಪ್ಪತ್ನಾಲ್ಕು ಗಂಟೆಯೂ ಅಮ್ಮನ ಮಂಚದ ಪಕ್ಕ ಇದ್ದಾಳೆ. ಇಲಾಖೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ತರಗತಿಯ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದಾಳೆ. ಹಾಜರಿ ಕೊಡುವುದರಲ್ಲಿ ಇಷ್ಟು ಉದಾರಿಗಳು ಇನ್ನೆಲ್ಲಿ ಸಿಗುತ್ತಾರೆ ಹೇಳಿ!

ಓದುವವರಿಗೆ ಸ್ಟೂಡೆಂಟ್ ಲೋನ್ ಇದೆಯಲ್ಲ, ಭತ್ಯೆ ಯಾಕೆ ಅನ್ನುವುದು ಸರ್ಕಾರದ ವಾದ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರಿಗೆ ಅದು ಇದೆ, ಹೌದು. ಒಬ್ಬಳು ಮಾಡುತ್ತಿರುವುದು ಎರಡು ಕೆಲಸ, ಅದರಲ್ಲಿ ಓದಿಗೆ ಸಾಲ ಕೊಟ್ಟಿದ್ದೇವೆ, ಆದ್ದರಿಂದ ಆರೈಕೆಗೆ ದುಡ್ಡು ಇಲ್ಲ. ಬಾಡಿಗೆ ಮನೆಯವನು "ನಿಮಗೆ ಸೂರು ಕೊಟ್ಟಿದ್ದೇನಲ್ಲ, ನೀರು ಯಾಕೆ" ಅಂದ ಹಾಗಾಯಿತು.

ಆರೈಕೆಯ ಗಂಟೆಗಳ ಲೆಕ್ಕ ಇನ್ನೂ ಚೆನ್ನಾಗಿದೆ. ಅಮ್ಮನಿಗೆ ವಾರಕ್ಕೆ 20 ಗಂಟೆ, ಅಂಗವಿಕಲ ತಮ್ಮನಿಗೆ 20 ಗಂಟೆ ಅಂತ ಒಬ್ಬಳೇ ಮಾಡಿದರೆ ಒಟ್ಟು ಎಷ್ಟು? ನಲವತ್ತು ಅಂದಿರಾ? ತಪ್ಪು. ಕೂಡಿಸುವ ಹಾಗಿಲ್ಲ, 35 ಗಂಟೆ ಒಬ್ಬರಿಗೇ ಆಗಿರಬೇಕು. ಹೋಗಲಿ, ಇಬ್ಬರಿಗೂ ಮೂವತ್ತೈದು ಮೂವತ್ತೈದು ಅಂತ ಎಪ್ಪತ್ತು ಗಂಟೆ ಮಾಡಿದರೆ? ಅದೇ 83 ಪೌಂಡ್ 30 ಪೆನ್ಸ್. ಇದಕ್ಕಿಂತ ಮಜಾ ಇನ್ನೊಂದಿದೆ. ಅಣ್ಣ ತಂಗಿ ಇಬ್ಬರೂ ಬುದ್ಧಿವಂತರು, ನೀನು ಅರ್ಧ ವಾರ ನಾನು ಅರ್ಧ ವಾರ, ಇಬ್ಬರೂ ಓದು ಬಿಡುವುದು ಬೇಡ ಅಂತ ಮಾತಾಡಿಕೊಂಡು ಆರೈಕೆಯನ್ನು ಹಂಚಿಕೊಂಡರು ಅನ್ನಿ. ಯಾರೇ ಆದರೂ ಭೇಷ್ ಅನ್ನುವ ಕೆಲಸ ಅಲ್ವಾ? ಇಬ್ಬರದೂ 35 ಮುಟ್ಟುವುದಿಲ್ಲ, ಹಾಗಾಗಿ ಇಬ್ಬರಿಗೂ ಏನೂ ಇಲ್ಲ. ಒಬ್ಬ ಪೂರ್ತಿ ಮುಳುಗಲೇಬೇಕು. ಒಬ್ಬ ರೋಗಿಗೆ ಭತ್ಯೆ ಪಡೆಯುವ ಆರೈಕೆದಾರ ಒಬ್ಬನೇ.

ಸರ್ಕಾರಕ್ಕೆ ಮನೆಯೊಳಗಿನ ವಿಷಯ ಗೊತ್ತಿಲ್ಲ ಅಂತಲ್ಲ, ಈ ಭತ್ಯೆ ಹುಟ್ಟಿದಾಗಿನಿಂದ ಅದಕ್ಕೆ ಒಂದು ವಿಶೇಷ ದೃಷ್ಟಿ ಇದೆ. 1976ರಲ್ಲಿ ಇದೇ ಭತ್ಯೆ ಇನ್‌ವ್ಯಾಲಿಡ್ ಕೇರ್ ಅಲೋವೆನ್ಸ್, ಅಂದರೆ ರೋಗಿಗಳ ಆರೈಕೆ ಭತ್ಯೆ, ಅನ್ನುವ ಹೆಸರಿನಲ್ಲಿ ಶುರುವಾದಾಗ ಮದುವೆಯಾದ ಹೆಂಗಸರಿಗೆ ಕೊಡುವುದಿಲ್ಲ ಅಂತ ಬರೆದಿದ್ದರು. ಯಾಕೆ? ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ! ಜಾಕ್ವೆಲಿನ್ ಡ್ರೇಕ್ ಅನ್ನುವವರು ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದರು. ಅಂದರೆ ಮನೆಯಲ್ಲಿ ಇರದೇ ಇದ್ದವರು. ಅವರ ಕೇಸು ಯುರೋಪಿನ ನ್ಯಾಯಾಲಯದ ತನಕ ಹೋಗಿ, ಇದು ತಾರತಮ್ಯ ಅಂತ ತೀರ್ಪು ಬಂದದ್ದು 1986ರಲ್ಲಿ. ಹೇಗೂ ಮನೆಯಲ್ಲಿರುವವರು ಮನೆಯಲ್ಲಿ ಕೆಲಸ ಮಾಡುತ್ತಾರೆ ಅನ್ನುವುದು ಅರ್ಥವಾಗಲು ಹತ್ತು ವರ್ಷ ಬೇಕಾಯಿತು. 2003ರಲ್ಲಿ ಹೆಸರು ಬದಲಾಯಿಸಿದರು, ಈಗಿನ ಹೆಸರು ಕೇಳಲು ಚಂದ. ಓದುವ ಮಕ್ಕಳ ಸರದಿ ಮಾತ್ರ ಅರ್ಧ ಶತಮಾನವಾದರೂ ಬಂದಿಲ್ಲ.

ಓದು ಬೇಡಪ್ಪ, ಏನಾದರೂ ಸಂಪಾದನೆ ಮಾಡೋಣ ಅಂದರೆ ಅಲ್ಲಿ ಇನ್ನೊಂದು ಗೆರೆ. 2025-26ರಲ್ಲಿ ತೆರಿಗೆ ಇತ್ಯಾದಿ ಕಳೆದು ವಾರಕ್ಕೆ 196 ಪೌಂಡ್ ತನಕ ದುಡಿಯಬಹುದಿತ್ತು. ಮೆಟ್ಟಿಲು ಇಲ್ಲ, ಇಳಿಜಾರು ಇಲ್ಲ, ಸೀದಾ ಪ್ರಪಾತ. ವಾರಕ್ಕೆ ಒಂದು ಪೌಂಡ್ ಜಾಸ್ತಿ ಬಂತೋ, ಆ ವಾರದ 83 ಪೌಂಡ್ 30 ಪೆನ್ಸ್ ಪೂರ್ತಿ ಹೋಯಿತು. ವರ್ಷವಿಡೀ ಗೊತ್ತಿಲ್ಲದೆ ಹೀಗೆ ಆದರೆ ನೀವು ಜಾಸ್ತಿ ಗಳಿಸಿದ್ದು 52 ಪೌಂಡ್, ವಾಪಸ್ ಕಟ್ಟಬೇಕಾದದ್ದು 4,331 ಪೌಂಡ್ 60 ಪೆನ್ಸ್. ಅಂಗಡಿ ಮ್ಯಾನೇಜರು "ಇವತ್ತು ಅರ್ಧ ಗಂಟೆ ಹೆಚ್ಚಿಗೆ ಇರಮ್ಮಾ" ಅಂದರೆ ಈ ಹುಡುಗಿ ಹಾವು ಕಂಡ ಹಾಗೆ ಓಡಬೇಕು.

ಇನ್ನೂ ಸೊಗಸಾದ ವಿಷಯ ಏನೆಂದರೆ ಈ ಜಾಸ್ತಿ ಸಂಪಾದನೆಯ ಮಾಹಿತಿ ತೆರಿಗೆ ಇಲಾಖೆಯಿಂದ ಪಿಂಚಣಿ ಇಲಾಖೆಗೆ ತಾನಾಗಿಯೇ ಬರುತ್ತದೆ. ಬರುತ್ತಲೇ ಇತ್ತು. ಬಂದದ್ದರಲ್ಲಿ ಎಷ್ಟನ್ನೋ ಯಾರೂ ತೆರೆದು ನೋಡಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಗೊತ್ತಲ್ಲ, ಇವರು ಹುಡುಕುವ ಕೆಲಸವನ್ನೂ ಮಾಡಲಿಲ್ಲ. ಸಾಲ ನೂರಾಗಿ ಸಾವಿರವಾಗಿ ಬೆಳೆಯಲಿ ಅಂತ ಬಿಟ್ಟು, ಹಣ್ಣಾದ ಮೇಲೆ ಕಿತ್ತುಕೊಳ್ಳುವ ಹಾಗೆ ನೋಟಿಸ್ ಕಳಿಸಿದರು. ಕೆಲವರ ಮೇಲೆ ಮೋಸದ ಕೇಸೂ ಆಯಿತು. ಗಲಾಟೆ ಜೋರಾದ ಮೇಲೆ ಸರ್ಕಾರವೇ ಅಂಗವಿಕಲರ ಹಕ್ಕುಗಳ ತಜ್ಞೆ ಲಿಜ್ ಸೇಸ್ ಅವರಿಂದ ಒಂದು ಪರಿಶೀಲನೆ ಮಾಡಿಸಿತು. 2025ರ ನವೆಂಬರಿನಲ್ಲಿ ವರದಿ ಬಂತು. ವಾರ ವಾರವೂ ಏರಿಳಿಯುವ ಸಂಪಾದನೆಯ ಸರಾಸರಿ ತೆಗೆಯುವುದು ಹೇಗೆ ಅನ್ನುವ ಬಗ್ಗೆ ಇಲಾಖೆಯ ಸೂಚನೆಯಲ್ಲೇ ಗೊಂದಲ ಇತ್ತು. ಹಳೆಯ ಕೇಸುಗಳನ್ನು ಮತ್ತೆ ತೆಗೆದು ನೋಡುತ್ತೇವೆ ಅಂತ ಸರ್ಕಾರ ಒಪ್ಪಿಕೊಂಡಿತು. ಅವರು ಲೆಕ್ಕ ತಪ್ಪಿದರೆ ಗೊಂದಲ, ಹುಡುಗಿ ತಪ್ಪಿದರೆ ಮೋಸ.

ಹಾಗಂತ ಈ ದೇಶ ಆರೈಕೆ ಮಾಡುವವರನ್ನು ಮರೆತಿದೆ ಅನ್ನಬೇಡಿ, ಪಾಪ. ಮಾರ್ಚಿನಲ್ಲಿ ಅವರಿಗೊಂದು ದಿನ ಇದೆ, ಜೂನಿನಲ್ಲಿ ಒಂದು ಇಡೀ ವಾರ ಇದೆ, ನವೆಂಬರಿನಲ್ಲಿ ಹಕ್ಕುಗಳ ದಿನ ಅಂತ ಇನ್ನೊಂದಿದೆ. ಸಂಘಟನೆಗಳು ಕಷ್ಟಪಟ್ಟು ಮಾಡುವ ಕೆಲಸ ಅದು, ಅವರನ್ನು ಹಂಗಿಸುತ್ತಿಲ್ಲ. ನನಗೆ ನಗು ಬರುವುದು ಆ ದಿನಗಳಂದು ಫೋಟೋಗೆ ನಿಂತು "ನೀವೇ ನಮ್ಮ ಹೀರೋಗಳು" ಅನ್ನುವ ರಾಜಕಾರಣಿಗಳನ್ನು ಕಂಡು. 2021ರ ಇಂಗ್ಲೆಂಡ್ ಮತ್ತು ವೇಲ್ಸಿನ ಇಂಥ ಪುಕ್ಕಟೆ ಆರೈಕೆಗೆ ಬೆಲೆ ಕಟ್ಟಿದರೆ ವರ್ಷಕ್ಕೆ 16,200 ಕೋಟಿ ಪೌಂಡ್ ಆಗುತ್ತದೆ ಅಂತ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಷ್ಟನ್ನು ಉಳಿಸಿಕೊಟ್ಟವರಿಗೆ ಒಂದು ಚಪ್ಪಾಳೆ ಬೇಡವೇ?

ಚಪ್ಪಾಳೆ ಸಾಲದು ಅಂದರೆ ಕಾಯ್ದೆಯೂ ಇದೆ. 2024ರ ಏಪ್ರಿಲ್ 6ರಿಂದ, ಕೆಲಸಕ್ಕೆ ಹೋಗುತ್ತಾ ಮನೆಯವರನ್ನು ನೋಡಿಕೊಳ್ಳುವವರಿಗೆ ವರ್ಷಕ್ಕೆ ಒಂದು ವಾರ ರಜೆ ಹಕ್ಕಾಗಿ ಸಿಗುತ್ತದೆ. ಸಂಬಳ ಇಲ್ಲದ ರಜೆ. ಸಂಬಳ ಇಲ್ಲದ ಕೆಲಸ ಮಾಡುವುದಕ್ಕೆ ಸಂಬಳ ಇಲ್ಲದ ರಜೆ, ಎಷ್ಟು ಅಚ್ಚುಕಟ್ಟು ನೋಡಿ, ಒಂದು ಪೆನ್ನಿ ಕೂಡ ಆಚೀಚೆ ಆಗುವುದಿಲ್ಲ.

ಇದಕ್ಕೆಲ್ಲ ಬೇರೆ ದಾರಿಯೇ ಇಲ್ಲವೇ ಅಂತ ಕೇಳಿದರೆ, ಇದೆ, ಆದರೆ ಗಡಿ ದಾಟಬೇಕು. ಸ್ಕಾಟ್ಲೆಂಡ್ ತನ್ನದೇ ಆದ ಕೇರರ್ ಸಪೋರ್ಟ್ ಪೇಮೆಂಟ್ ಅನ್ನು 2023ರ ನವೆಂಬರಿನಲ್ಲಿ ಕೆಲವು ಕಡೆ ಶುರು ಮಾಡಿ, ಒಂದು ವರ್ಷದಲ್ಲಿ ಇಡೀ ನಾಡಿಗೆ ವಿಸ್ತರಿಸಿತು. ಅಲ್ಲಿ ಫುಲ್‌ಟೈಮ್ ಓದುವವರಲ್ಲೂ ಬಹಳ ಜನರಿಗೆ ಅದು ಸಿಗುತ್ತದೆ. 2019ರಿಂದ ಹದಿಹರೆಯದ ಆರೈಕೆದಾರರಿಗೆ ವರ್ಷಕ್ಕೊಮ್ಮೆ ಬೇರೆ ಒಂದು ಸಹಾಯಧನವೂ ಇದೆ. ಅದಕ್ಕೆ ವಾರಕ್ಕೆ ಸರಾಸರಿ 16 ಗಂಟೆ ನೋಡಿಕೊಂಡರೆ ಸಾಕು. ಇಷ್ಟಾದರೂ ಸ್ಕಾಟ್ಲೆಂಡ್ ಸಮುದ್ರದಲ್ಲಿ ಮುಳುಗಿದ ವರದಿ ಇಲ್ಲ.

ಗಡಿಯ ಆಚೆಗೆ ಗ್ರೆಟ್ನಾ ಗ್ರೀನ್ ಅಂತ ಒಂದು ಊರಿದೆ. 1753ರಲ್ಲಿ ಇಂಗ್ಲೆಂಡಿನಲ್ಲಿ ಮದುವೆ ಕಾನೂನು ಬಿಗಿ ಮಾಡಿದ ಮೇಲೆ, ಮನೆಯವರು ಒಪ್ಪದ ಹುಡುಗ ಹುಡುಗಿಯರು ಓಡಿಹೋಗಿ ಮದುವೆಯಾಗುತ್ತಿದ್ದದ್ದು ಅಲ್ಲಿಗೇ. ಕಾನೂನು ಅಲ್ಲಿ ಸಡಿಲ ಇತ್ತು. ಈಗ ಅದೇ ದಾರಿಯಲ್ಲಿ ನಮ್ಮ ಹುಡುಗಿ ಅಮ್ಮನನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು, ಮಡಿಲಲ್ಲಿ ಮಾತ್ರೆ ಡಬ್ಬಿ, ಹೆಗಲಲ್ಲಿ ಪುಸ್ತಕದ ಚೀಲ, ಓಡಿಹೋಗುವುದನ್ನು ಕಲ್ಪಿಸಿಕೊಳ್ಳಿ. ಹಿಂದೆ ಇಲಾಖೆಯವನು ಸ್ಟಾಪ್‌ವಾಚ್ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಾನೆ.

ಹೋಗಲಿ, ಅವಳು ಓಡಿಹೋಗಲಿಲ್ಲ. ಇದ್ದ ಊರಲ್ಲೇ ಇದ್ದಳು. ಇಂಗ್ಲೆಂಡಿನ 2014ರ ಕೇರ್ ಆಕ್ಟ್ ಪ್ರಕಾರ ಸ್ಥಳೀಯ ಆಡಳಿತದವರು ಅವಳ ಅಗತ್ಯಗಳನ್ನು ವಿಚಾರಿಸಬೇಕು. ಓದಬೇಕು ಅನ್ನುವ ಆಸೆ ಇದೆಯೇ ಅಂತಲೂ ನೋಡಬೇಕು, ಕಾನೂನಿನಲ್ಲೇ ಇದೆ. ಹಾಗಾಗಿ ಒಬ್ಬರು ಒಳ್ಳೆಯ ಮನಸ್ಸಿನ ಮೇಡಂ ಬಂದು ಕೂತು ಕೇಳಿದರು, ಓದಬೇಕು ಅನ್ನಿಸುತ್ತದಾ? ಹುಡುಗಿ ಹೌದು ಅಂದಳು. ಏನು ಓದ್ತೀಯಾ? ಹೆಲ್ತ್ ಅಂಡ್ ಸೋಷಿಯಲ್ ಕೇರ್ ಅಂದಳು. ಮೇಡಂಗೆ ಖುಷಿಯೋ ಖುಷಿ. ಫಾರ್ಮಿನಲ್ಲಿ ಸರಿ ಗುರುತು ಹಾಕಿಕೊಂಡು ಹೋದರು.

ಕಾಲೇಜಿನ ಟೈಮ್‌ಟೇಬಲ್ ಬಂತು. ಒಟ್ಟು 22 ಗಂಟೆ. ಹುಡುಗಿ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಪೆನ್ಸಿಲ್ ಹಿಡಿದು, ಯಾವುದನ್ನು ಬಿಡುವುದು ಅಂತ ಮೂರು ದಿನ ನೋಡಿದಳು. ಕೊನೆಗೆ ಗುರುವಾರದ ಎರಡು ಗಂಟೆಯ ಪ್ರಾಕ್ಟಿಕಲ್ ಮೇಲೆ ಗೆರೆ ಎಳೆದಳು. ರೋಗಿಯನ್ನು ಹಾಸಿಗೆಯಿಂದ ಎತ್ತಿ ಕೂರಿಸುವುದು ಹೇಗೆ ಅಂತ ಕಲಿಸುವ ಕ್ಲಾಸು ಅದು.