ಮಂಡಗದ್ದೆಯಲ್ಲಿ ಹಕ್ಕಿ ಇಲ್ಲ ಅನ್ನುವವರಿಗೆ

ಈ ಮಾತು ಪ್ರತಿ ಚಳಿಗಾಲವೂ ಕೇಳುತ್ತೇನೆ. ಇವತ್ತು ನಮ್ಮ ಅಂಗಳದಲ್ಲೇ ಕೇಳಿದೆ. ಬೆಂಗಳೂರಿಂದ ಬಂದ ಭಾವ ದಾರಿಯಲ್ಲಿ, ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಪಕ್ಷಿಧಾಮದಲ್ಲಿ ಕಾರು ನಿಲ್ಲಿಸಿ ನೋಡಿದರಂತೆ. "ಪಕ್ಷಿಧಾಮ ಅಂತ ಬೋರ್ಡು ಮಾತ್ರ ಇದೆ ಮಾರಾಯ್ತಿ. ಒಂದು ಹಕ್ಕಿ ಇಲ್ಲ. ನಿಮ್ಮ ಮಲೆನಾಡಲ್ಲಿ ಇನ್ನೇನೂ ಉಳಿದಿಲ್ಲ ಬಿಡು."

ಅವರು ಹೀಗೆ ಹೇಳುವಾಗ ಅಡಿಕೆ ಸಿಪ್ಪೆ ರಾಶಿಯ ಪಕ್ಕ ಬೂದು ಸಿಪಿಲೆ ಓಡಾಡುತ್ತಿತ್ತು. ಭಾವನ ಕಾಲಿಂದ ನಾಲ್ಕು ಮಾರು ದೂರ ಇರಬಹುದು. ಬೆನ್ನು ಬೂದು, ಬಾಲದ ಕೆಳಗೆ ನಿಂಬೆಹಣ್ಣಿನ ಹಳದಿ. ಎರಡು ಹೆಜ್ಜೆ ಓಡೋದು, ನಿಲ್ಲೋದು, ನಿಂತಲ್ಲೇ ಬಾಲ ಕುಣಿಸೋದು. ಸಿಪ್ಪೆಗೆ ಮುತ್ತಿದ ನೊಣ ಎದ್ದರೆ ಚಂಗನೆ ಹಾರಿ ಹಿಡಿಯೋದು. ಹಿಮಾಲಯದ ಕಡೆಯಿಂದ ಬಂದ ಹಕ್ಕಿ ಅದು! ಇವರು ಕಾಫಿ ಕುಡಿಯುತ್ತಾ "ಏನೂ ಇಲ್ಲ" ಅಂದರೆ ಸಿಟ್ಟು ಬರೋದಿಲ್ವಾ?

ಮಂಡಗದ್ದೆಯ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಗೂಡು ಕಟ್ಟೋದು ಮಳೆಗಾಲದಲ್ಲಿ. ತುಂಗೆ ತುಂಬಿ ಹರಿಯುವಾಗ ನಡುಗಡ್ಡೆಯ ಮರಗಳಿಗೆ ಸುತ್ತಲ ನೀರೇ ಕಾವಲು. ಮರಿ ಹಾರಿದ ಮೇಲೆ ಅಲ್ಲೇನು ಕೆಲಸ? ಸೊರಬದ ಗುಡವಿ ಪಕ್ಷಿಧಾಮದಲ್ಲೂ ಗೂಡಿನ ಗದ್ದಲ ಮಳೆಗಾಲದ್ದೇ. ಡಿಸೆಂಬರಲ್ಲಿ ಹೋಗಿ ಮರ ಖಾಲಿ ಅಂದರೆ, ಜೂನಲ್ಲಿ ಬಂದು ಗದ್ದೆಯಲ್ಲಿ ಕೊಯ್ಲು ಯಾಕಿಲ್ಲ ಅಂತ ಕೇಳಿದ ಹಾಗೆ.

ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಜಾತ್ರೆ ಸೇರೋದು ಕೆರೆಗಳಲ್ಲಿ. ನಮ್ಮ ಹಿತ್ತಲು, ತೋಟಕ್ಕೆ ಬರುವವು ಒಂಟೊಂಟಿ. ಹಲಸಿನ ಮರದ ತುದಿಯಲ್ಲಿ ಬೆಳಗಿಂದ "ಚಿಸ್ವೀ, ಚಿಸ್ವೀ" ಅನ್ನುತ್ತಿರುತ್ತಲ್ಲ, ಅದು ಹಸಿರು ಉಲಿಯಕ್ಕಿ. 10 ಗ್ರಾಂ ಕೂಡ ತೂಗೋದಿಲ್ಲ. ಅಷ್ಟು ದೂರ ಹಾರಿ ಬಂದು, ಇಲ್ಲೂ ತನ್ನ ಜಾಗಕ್ಕೆ ಇನ್ನೊಂದು ಬರದ ಹಾಗೆ ಕಾಯುತ್ತದೆ. ತೋಟದ ತರಗೆಲೆ ಕೆದಕುವ ನವರಂಗ ಕಂಡರಂತೂ ಆ ದಿನ ನನಗೆ ಹಬ್ಬ.

ಅಷ್ಟು ದೂರದಿಂದ ಬಂದವರಿಗೆ ನಿರಾಸೆ ಆಗಲ್ವಾ ಅಂತ ಅಕ್ಕ ಕೇಳಿದಳು. ಆಗಲಿ. ನಿರಾಸೆಗೆ ನನ್ನ ತಕರಾರಿಲ್ಲ. ಆದರೆ ಹತ್ತು ನಿಮಿಷ ನೋಡಿ ಇಡೀ ಸೀಮೆಯಲ್ಲೇ ಏನೂ ಇಲ್ಲ ಅಂತ ತೀರ್ಪು ಕೊಡಬಾರದು. ಪಕ್ಕದ ಟೀ ಅಂಗಡಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ನನಗೆ ಇಷ್ಟು ಉರಿಯೋದಕ್ಕೆ ಕಾರಣ ಇದೆ. ನಾನು ಕೆಲಸ ಬಿಟ್ಟು ಊರಿಗೆ ಬಂದ ಮೊದಲ ಚಳಿಗಾಲ ಅದು. ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಹಾಸಿಗೆ ಬಿಟ್ಟು ಏಳೋದಕ್ಕೇ ಮನಸ್ಸಾಗುತ್ತಿರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಸಿಪಿಲೆ ಬಂದಿದೆಯಾ ನೋಡೋಣ ಅಂತಲೇ ಎದ್ದು ಹೊರಗೆ ಬರುತ್ತಿದ್ದೆ. ಸಿಪಿಲೆಗಳು ವರ್ಷ ವರ್ಷ ಅದೇ ಅಂಗಳಕ್ಕೆ ವಾಪಸು ಬರೋದುಂಟು. ಇವತ್ತಿನದು ಅದೇನೋ ಏನೋ. ನಾನಂತೂ ಅದೇ ಅಂದುಕೊಂಡಿದ್ದೇನೆ. ಅದನ್ನು "ಏನೂ ಇಲ್ಲ" ಅಂದರೆ ಹೇಗೆ ಸುಮ್ನಿರಲಿ?

ನೋಡಬೇಕು ಅನ್ನುವವರು ಮಾರ್ಚ್ ಒಳಗೆ ಬನ್ನಿ, ಆಮೇಲೆ ಇವು ಹೊರಡುತ್ತವೆ. ದೊಡ್ಡ ಕ್ಯಾಮೆರಾ ಬೇಡ. ಬೆಳಗ್ಗೆ ಬೇಗ ಎದ್ದು ಜಗಲಿಯಲ್ಲಿ ಮಾತಾಡದೆ ಕೂತರೆ ಸಾಕು. ಬೆಳ್ಳಕ್ಕಿ ಗೂಡೇ ಬೇಕು ಅಂದರೆ ಆಗಸ್ಟಲ್ಲಿ ಬನ್ನಿ, ಮಂಡಗದ್ದೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಕೊಡೆ ಮರೀಬೇಡಿ.