ಹಳೆಯ ಐರ್ಲೆಂಡಿನಲ್ಲಿ ಕುಂಬಳಕಾಯಿ ದೀಪ ಇರಲಿಲ್ಲ

ಅಕ್ಟೋಬರ್ 31ರಂದು ಪಾಶ್ಚಾತ್ಯ ದೇಶಗಳಲ್ಲಿ ಆಚರಿಸುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂದಂತೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: '2000 ವರ್ಷದ ಹಿಂದೆ ಐರ್ಲೆಂಡಿನ ಕೆಲ್ಟ್ ಜನ ಕುಂಬಳಕಾಯಿ ಕೊರೆದು ದೀಪ ಇಡುತ್ತಿದ್ದರು.' ಇದು ತಪ್ಪು.

ಈ ದೀಪಕ್ಕೆ ಬಳಸುವ ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. ನಮ್ಮ ಮೆಣಸಿನಕಾಯಿಯ ಹಾಗೆ ಅದೂ ಸಮುದ್ರ ದಾಟಿದ್ದು 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆಯೇ. ಹಾಗಿರುವಾಗ ಹಳೆಯ ಕೆಲ್ಟರ ಕೈಗೆ ಅದು ಸಿಗುವುದಾದರೂ ಹೇಗೆ, ಅಲ್ವಾ?

ಐರ್ಲೆಂಡಿನವರು ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು. ಡೊನೆಗಾಲ್ ಕೌಂಟಿಯ ಫಿನ್‌ಟೌನ್ ಊರಿನ ಅಂಥದೊಂದು ದೀಪ 1943ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಬಂತು. ಗಡ್ಡೆ ಹಾಳಾಗುತ್ತಿದ್ದರಿಂದ ಅದರ ಪ್ಲಾಸ್ಟರ್ ಅಚ್ಚು ತೆಗೆದಿಟ್ಟಿದ್ದಾರೆ. ಗುಳಿಬಿದ್ದ ಕಣ್ಣು, ಹಲ್ಲು ಕಿರಿದ ಬಾಯಿ. ನನಗಂತೂ ಕುಂಬಳಕಾಯಿಗಿಂತ ಇದನ್ನು ನೋಡಿದರೇ ಜಾಸ್ತಿ ಭಯವಾಗುತ್ತದೆ.

ಹ್ಯಾಲೋವೀನ್‌ಗೆ ಕುಂಬಳಕಾಯಿ ಸೇರಿಕೊಂಡದ್ದು 19ನೇ ಶತಮಾನದಲ್ಲಿ, ಉತ್ತರ ಅಮೆರಿಕದಲ್ಲಿ. ವೇಷ ಹಾಕಿ ಮನೆಮನೆ ಸುತ್ತುವ ಪದ್ಧತಿ ಮಾತ್ರ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಮೊದಲೇ ಇತ್ತು. ಆಗ ಮಕ್ಕಳು ಹಾಡೋ ಪದ್ಯವೋ ಹೇಳಿ ಹಣ್ಣು, ಕಾಯಿಬೀಜ ಪಡೆಯುತ್ತಿದ್ದರು.

ಆ ಸಂದೇಶ ನಿಮಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.